ಎದುರಿನವನ ಎಂಜಿನ್ನು, ನನ್ನ ಹೊಟ್ಟೆಯುರಿ

ಹೊಟ್ಟೆಕಿಚ್ಚಿನಿಂದ ಕೆಲಸ ಕಲಿತವನು ನಾನು. ಅಂಥವನಿಗೆ ಇಂಥ ಪೇಚುಗಳು ವರ್ಷವಿಡೀ ತಪ್ಪುವುದಿಲ್ಲ.

ಎಪ್ಪತ್ತರ ದಶಕದ ಕೊನೆ. ತಿಪಟೂರಿನ ಕೊಬ್ಬರಿ ಮಂಡಿಗಳ ಹತ್ತಿರ ನನ್ನದು ಮೋಟಾರ್ ಸೈಕಲ್ ರಿಪೇರಿ ಅಂಗಡಿ. ಎದುರಿಗೆ ಇನ್ನೊಬ್ಬ ಮೆಕ್ಯಾನಿಕ್ ಬಂದು ಕೂತ. ನನಗಿಂತ ಚಿಕ್ಕವನು. ಕೆಲಸದಲ್ಲಿ ನನ್ನ ಮುಂದೆ ಏನೂ ಅಲ್ಲ. ಆದರೆ ಬಿಚ್ಚಿದ ಎಂಜಿನ್ನಿನ ಅಲ್ಯೂಮಿನಿಯಂ ಭಾಗಗಳನ್ನು ಬೆಳ್ಳಿಯ ಹಾಗೆ ಬೆಳಗಿ ಜೋಡಿಸುತ್ತಿದ್ದ. ನಾನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತಿದ್ದೆ. ಗಾಡಿಗಳು ಒಂದೊಂದಾಗಿ ರಸ್ತೆ ದಾಟತೊಡಗಿದವು.

ಸೋಡಾ

ಮನೆಯಲ್ಲಿ ಕೊಬ್ಬರಿ ಎಣ್ಣೆ ಸೋಪು ಮಾಡಲು ತಂದ ಕಾಸ್ಟಿಕ್ ಸೋಡಾ ಇತ್ತು. ಜಿಡ್ಡಿಗೆ ಇದೇ ಸರಿ ಅನ್ನಿಸಿತು. ದಬ್ಬೇಘಟ್ಟದ ಮೇಷ್ಟ್ರೊಬ್ಬರ ಗಾಡಿಯ ಕ್ಲಚ್ ಕವರನ್ನು ಸೋಡಾ ನೀರಲ್ಲಿ ಮುಳುಗಿಸಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಬಕೆಟ್ಟು ಬುಸುಗುಟ್ಟುತ್ತಿತ್ತು. ಕವರು ರೊಟ್ಟಿ ಹಂಚಿನಂತೆ ಕಪ್ಪಾಗಿತ್ತು.

ಮೇಷ್ಟ್ರು ಬಗ್ಗಿ ನೋಡಿದರು. "ಕಪ್ಪು ಬಣ್ಣ ಹೊಡಿ ಅಂತ ನಾನು ಹೇಳಿರ್ಲಿಲ್ವಲ್ಲಪ್ಪ?"

"ದೃಷ್ಟಿ ಆಗಬಾರ್ದು ಸಾರ್" ಅಂದೆ.

ಹುಣಸೆಹಣ್ಣು

ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ಎದುರಿನ ಅಂಗಡಿಗೆ ಹೋದೆ. ಅವನು ಹುಣಸೆಹಣ್ಣು ಕಿವುಚಿ ಬಳಿದು, ತೆಂಗಿನ ನಾರಿನಿಂದ ಉಜ್ಜುತ್ತಿದ್ದ. ಇಷ್ಟೇನಾ! ಮನೆಗೆ ಬಂದು ಡಬ್ಬಿಯಲ್ಲಿದ್ದ ಹುಣಸೆಹಣ್ಣನ್ನೆಲ್ಲ ಖಾಲಿ ಮಾಡಿ, ಹಳೆಯ ಕವರೊಂದನ್ನು ಉಜ್ಜಿದೆ. ಫಳಫಳ ಅಂತು. ಹೆಂಡತಿಗೆ ತೋರಿಸಿದೆ.

"ಈ ಕೈಚಳಕ ಇಷ್ಟು ದಿನ ಮುಚ್ಚಿಟ್ಕೊಂಡಿದ್ರಾ? ನಾಳೆಯಿಂದ ಪಾತ್ರೆ ನಿಮ್ದೇ ಬುಡಿ" ಅಂದಳು.

ಗುರುತು

ಮಂಡಿಯಲ್ಲೊಬ್ಬರು ಸಾಹುಕಾರರು. ಅವರು ರಿಪೇರಿಗೆ ಗಾಡಿ ಬಿಟ್ಟ ಕಡೆಯೇ ಮಂಡಿಯವರೆಲ್ಲ ಬಿಡುವುದು. ಹಿಂದಿನ ವರ್ಷ ಎದುರಿನವನ ಹತ್ತಿರ ಹೋಗಿದ್ದವರು ಆ ಸಲ ನನ್ನ ಹತ್ತಿರ ಬಂದರು. ಇವರನ್ನು ಬಿಡಬಾರದು ಅಂತ ಎಂಜಿನ್ನಿನ ಮೇಲೆ ಕೂರುವ ಹೆಡ್ಡನ್ನು ಎರಡು ದಿನ ಉಜ್ಜಿದೆ. ಉಗುರು ಸವೆಯಿತು. ಜೋಡಿಸುವ ಮೊದಲು ಎದುರಿನವನ ಕಣ್ಣಿಗೆ ಬೀಳಲಿ ಅಂತ ಹೊರಗೆ ಸ್ಟೂಲಿನ ಮೇಲಿಟ್ಟೆ.

ಸಾಹುಕಾರರು ಬಂದರು. "ನನ್ನ ಹೆಡ್ಡೆಲ್ಲಯ್ಯಾ?"

"ಇದೇ ಯಜಮಾನ್ರೇ."

"ಇದಲ್ಲ ಕಣಯ್ಯ. ನಂದು ಮಸಿ ಹಿಡಿದಿತ್ತು. ಮಾಲು ಬದಲಾಯಿಸಿದ್ದೀಯ. ನನ್ನ ಹಳೇದು ಕೊಡು!"

ಆಣೆ ಇಟ್ಟೆ. ನಂಬಲಿಲ್ಲ. ಎದುರಿನವನನ್ನು ಕೂಗಿದರು. "ಲೇ, ಹೋದ್ ವರ್ಷ ಇದನ್ನ ಬಿಚ್ಚಿದ್ದೋನು ನೀನಲ್ವೇನ್ಲಾ? ಬಂದು ಗುರುತು ಹೇಳು."

ಬಂದ. ಎತ್ತಿಕೊಂಡ. ತಿರುಗಿಸಿ ನೋಡಿದ. ಅವನು ಅಲ್ಲ ಅಂದರೆ ಮಂಡಿಗೆಲ್ಲ ನಾನು ಕಳ್ಳ. ಅವನ ಬಾಯನ್ನೇ ನೋಡುತ್ತ ನಿಂತೆ.

"ನಿಮ್ದೇ ಯಜಮಾನ್ರೇ" ಅಂದ.

ಹೋದ ಜೀವ ಬಂತು.

"ನಾನು ಹೋದ್ ವರ್ಷ ಕೊಟ್ಟಿದ್ದ ಹೊಳಪು, ಇನ್ನೂ ಹಂಗೇ ಐತೆ ನೋಡಿ. ಅಣ್ಣ ಮೇಲಿನ ಮಸಿ ಒರ್ಸವ್ರೆ, ಅಷ್ಟೇಯ."