ಮಾವನ ಮೀನಿಗೆ ಎರಡು ಬಾಗಿಲು

"ಹತ್ತೇ ನಿಮಿಷ ಕಣೇ! ಈ ಕಾಫಿ ಆರೋದ್ರೊಳಗೆ ನಿಮ್ಮಪ್ಪ ಅಲ್ಲಿ ಕೂತು ಇಲ್ಲಿರೋ ಮೀನು ನೋಡ್ತಿರ್ತಾರೆ!"

ಎಂಜಿನಿಯರ್ ಸಾಹೇಬರು ಹೀಗೆಂದು ಶಪಥ ಮಾಡಿದ್ದು ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ. ಹೆಂಡತಿ ಸದ್ದಿಲ್ಲದೆ ಕಾಫಿ ಲೋಟದ ಮೇಲೆ ಒಂದು ತಟ್ಟೆ ಮುಚ್ಚಿಟ್ಟಳು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಹತ್ತು ನಿಮಿಷ ಎಷ್ಟುದ್ದ ಎಂದು ಚೆನ್ನಾಗಿ ಗೊತ್ತಿತ್ತು.

ಸಾಹೇಬರ ಬಡಾಯಿಗೂ ಕಾರಣವಿತ್ತು ಅನ್ನಿ. ಆಫೀಸಿನಲ್ಲಿ ನಾನೂರು ಕಂಪ್ಯೂಟರುಗಳ ನೆಟ್‌ವರ್ಕನ್ನು ಕಿರುಬೆರಳಲ್ಲಿ ಕುಣಿಸುವ ಮಹಾನುಭಾವರು! ಆದರೆ ಹಿತ್ತಲ ಗಿಡ ಮದ್ದಲ್ಲ. ಮಾವನವರ ಬಾಯಲ್ಲಿ ಹಿರಿಯಳಿಯ 'ನಮ್ಮ ಹಲ್ಲಿನ ಡಾಕ್ಟ್ರು'. ಇವರು ಮಾತ್ರ 'ಆ ವೈರು ಎಳೆಯೋರು'. ಮದುವೆಯಾದಾಗಿನಿಂದ ಈ ಮಾತು ಸಾಹೇಬರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಆ ಮಾವನವರು ಈಗ ಮಂಡಿ ಆಪರೇಷನ್ನಿಗೆಂದು ಹಿರಿಮಗಳ ಊರಿಗೆ ಹೋಗಿದ್ದರು. ಹೋಗುವಾಗ ತಮ್ಮ ಒಂಟಿ ಮೀನನ್ನು ಗಾಜಿನ ತೊಟ್ಟಿಯ ಸಮೇತ ಕಿರಿಮಗಳ ಮನೆಯಲ್ಲಿ ಬಿಟ್ಟಿದ್ದರು. ಅತ್ತೆಯವರು ತೀರಿಕೊಳ್ಳುವ ಮುನ್ನ ಕೈಯಾರೆ ತಂದು ಸಾಕಿದ ಮೀನು ಅದು. ಸಂಜೆ ಐದಕ್ಕೆ ಅವರನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು.

"ಅಪ್ಪಂಗೆ ತುಂಬಾ ಭಯ ಆಗಿದೆ ರೀ. ಬಾಯಿಬಿಟ್ಟು ಹೇಳಲ್ಲ, ಮೀನು ಹೇಗಿದೆ, ಮೀನು ಹೇಗಿದೆ ಅಂತಾರೆ ಅಷ್ಟೇ. ನನ್ನ ಫೋನಲ್ಲೇ ವಿಡಿಯೋ ಕಾಲ್ ಮಾಡಿ ತೋರಿಸ್ಬಿಡ್ಲಾ?"

"ಛೆ! ಅವರಿಗೆ ನೋಡ್ಬೇಕು ಅನ್ನಿಸ್ದಾಗೆಲ್ಲ ನಿನ್ನ ಕರೀತಾ ಕೂರ್ಬೇಕಾ? ಆಸ್ಪತ್ರೆ ಹಾಸಿಗೆ ಮೇಲೆ ಮಲಗಿ ಒಂದು ಗುಂಡಿ ಒತ್ತಿದ್ರೆ ಮೀನು ಪ್ರತ್ಯಕ್ಷ ಆಗ್ಬೇಕು! ತೊಟ್ಟಿ ಎದುರಿನ ಗೋಡೆ ಮೇಲೆ ಕ್ಯಾಮೆರಾ ಕೂರಿಸಿದ್ದೀನಿ, ಅವರ ಟ್ಯಾಬಿಗೂ ಎಲ್ಲ ಹಾಕಿ ಕೊಟ್ಟಿದ್ದೀನಿ. ಇಲ್ಲಿ ಬಾಗಿಲು ತೆಗೆಯೋದೊಂದೇ ಬಾಕಿ. ನಾನಾಗಿ ಹೇಳೋವರೆಗೂ ಯಾರೂ ಫೋನ್ ಮಾಡಿ ತಲೆ ತಿನ್ಬಾರ್ದು ಅಂತ ಆ ಮನೆಗೂ ತಿಳಿಸಿದ್ದೀನಿ."

"ಯಾವ ಬಾಗಿಲು?"

ಸಾಹೇಬರಿಗೆ ಇಷ್ಟೇ ಸಾಕಾಗಿತ್ತು. "ನೋಡು, ಹೊರಗಿನ ಪ್ರಪಂಚಕ್ಕೆ ನಮ್ಮ ಮನೆಗೆಲ್ಲ ಸೇರಿ ಒಂದೇ ವಿಳಾಸ. ಒಳಗೆ ಫೋನಿಗೆ, ಟೀವಿಗೆ, ಕ್ಯಾಮೆರಾಗೆ ಬೇರೆ ಬೇರೆ ವಿಳಾಸ. ಹೊರಗಿಂದ ಯಾರಾದ್ರೂ ಬಂದು 'ಮೀನು ಇದ್ಯಾ' ಅಂತ ಕೇಳಿದ್ರೆ, ಮುಂಬಾಗಿಲಲ್ಲಿರೋ ರೂಟರು ವಿಳಾಸ ತಿದ್ದಿ ಒಳಗೆ ಕಳಿಸ್ಬೇಕು. ಅದರ ಹಿಂದೆ ನಾನು ತಂದಿಟ್ಟಿರೋ ಫೈರ್‌ವಾಲು ಇನ್ನೊಂದ್ಸಲ ತಿದ್ದಿ ಕ್ಯಾಮೆರಾ ಹತ್ರ ಕಳಿಸ್ಬೇಕು. ಈ ವಿದ್ಯೆಗೆ ನ್ಯಾಟ್ ಅಂತಾರೆ."

"ಎರಡು ಕೋಣೆ ಮನೆಗೆ ಇಬ್ಬರು ಕಾವಲುಗಾರ್ರಾ?"

"ಭದ್ರತೆ ಕಣೇ, ಭದ್ರತೆ!"

"ಕದಿಯೋಕೆ ಏನಿದೆ ಇಲ್ಲಿ? ಆರಿದ ಕಾಫಿನಾ?"

ಸಾಹೇಬರು ಕೆಲಸಕ್ಕೆ ಕೂತರು. ರೂಟರು, ಫೈರ್‌ವಾಲು ಎರಡು ಡಬ್ಬಗಳೂ ತೊಟ್ಟಿಯ ಕೆಳಗಿನ ಗೂಡಿನಲ್ಲಿದ್ದವು, ಕೇಬಲ್ ಗಿಡ್ಡ. ಹಾಗಾಗಿ ಅಲ್ಲೇ ಸ್ಟೂಲು ಎಳೆದುಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡರು. ಒತ್ತಿದ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಹೇಳಿಕೊಳ್ಳುವುದು ಅವರ ಹಳೆಯ ಅಭ್ಯಾಸ. ಆಫೀಸಿನಲ್ಲಾಗಿದ್ದರೆ ಯಾವ ಬದಲಾವಣೆಗೂ ಮುಂಚೆ ಹಳೆಯದರ ಪ್ರತಿ ತೆಗೆದಿಡದವರ ಚರ್ಮ ಸುಲಿಯುತ್ತಿದ್ದರು. ಮನೆಯಲ್ಲಿ ಅದೆಲ್ಲ ಯಾರಿಗೆ ಬೇಕು? ಹತ್ತು ಗಂಟೆ ಐದು ನಿಮಿಷಕ್ಕೆ ರೂಟರೂ ಆಯಿತು, ಫೈರ್‌ವಾಲೂ ಆಯಿತು. ತಮ್ಮ ಫೋನು ತೆಗೆದು ಮನೆಯ ಹೊರವಿಳಾಸ ಒತ್ತಿದರು.

'ಸಂಪರ್ಕ ಸಾಧ್ಯವಾಗುತ್ತಿಲ್ಲ.'

ಮತ್ತೆ ಒತ್ತಿದರು. ಸಂಪರ್ಕ ಸಾಧ್ಯವಾಗುತ್ತಿಲ್ಲ! ಒಂದು ಅಂಕಿ ಬದಲಿಸಿದರು, ನೋಡಿದರು, ವಾಪಸ್ ಹಾಕಿದರು. ಹನ್ನೊಂದಕ್ಕೆ ಟೀವಿ ಸತ್ತಿತು. ಹನ್ನೆರಡಕ್ಕೆ ಹೆಂಡತಿಯ ಫೋನಿಗೆ ಇಂಟರ್ನೆಟ್ ನಿಂತು, ಅರ್ಧ ಗಂಟೆ ಬಿಟ್ಟು ಜೀವ ಬಂತು. ಒಂದಕ್ಕೆ ಸಾಹೇಬರು ಅಂಗಿ ಬಿಚ್ಚಿ ಬನಿಯನ್ನಿಗೆ ಇಳಿದರು. ಯಾರೂ ಮುಟ್ಟದ ಪ್ರಿಂಟರು ಒಳಕೋಣೆಯಲ್ಲಿ ತನ್ನಷ್ಟಕ್ಕೆ ತಾನೇ ಗುರುಗುಟ್ಟಿ ಮೂರು ಖಾಲಿ ಹಾಳೆ ಉಗುಳಿತು.

"ಊಟಕ್ಕೆ ಬನ್ರೀ, ಆಮೇಲೆ ನೋಡ್ಕೋಬಹುದು."

"ಈ ಮೀನಿನ ಮುಖ ನೋಡೇ ಮೊದ್ಲು! ಥೇಟ್ ನಿಮ್ಮಪ್ಪ! ಬಾಯಿ ತೆಗೆಯುತ್ತೆ, ಮುಚ್ಚುತ್ತೆ, ಒಂದೇ ಒಂದು ಒಳ್ಳೆ ಮಾತು ಬರಲ್ಲ!"

"ಮೆತ್ತಗೆ ಮಾತಾಡ್ರೀ. ಗೋಡೆಗೂ ಕಿವಿ ಇರುತ್ತೆ."

"ಇರ್ಲಿ ಬಿಡು! ಹಲ್ಲು ಕೀಳೋನು ಡಾಕ್ಟ್ರು, ನಾನು ವೈರು ಎಳೆಯೋನು! ನನ್ನ ಷಡ್ಡಕ ಬಂದು ಈ ಫೈರ್‌ವಾಲಿನ ಒಂದು ಸ್ಕ್ರೂ ಬಿಚ್ಚಲಿ ನೋಡೋಣ!"

"ನೀರಾದ್ರೂ ಬದಲಾಯಿಸಿದ್ರಾ ತೊಟ್ಟೀದು?"

"ನಾಲ್ಕು ದಿನದಿಂದ ಇಲ್ಲ. ಮೀನೇನು ಹೋಗಿ ದೂರು ಕೊಡುತ್ತಾ?"

ಮೂರೂವರೆಯಾಯಿತು. ಫೋನಿನಲ್ಲಿ ಅದೇ ಸಂಪರ್ಕ ಸಾಧ್ಯವಾಗುತ್ತಿಲ್ಲ. ಐದಕ್ಕೆ ಇನ್ನು ಒಂದೂವರೆ ಗಂಟೆ. ಸಾಹೇಬರ ಮುಖ ಸಣ್ಣದಾಯಿತು. ಮುದುಕರಿಗೆ ಅಷ್ಟೊಂದು ಮಾತು ಕೊಟ್ಟು ಕಡೆಗೂ ಆಗಲಿಲ್ಲವಲ್ಲ ಎಂದು ನಿಜಕ್ಕೂ ನೊಂದುಕೊಂಡರು. "ಆಗಲ್ಲ ಕಣೇ. ಸೋತೆ" ಎಂದವರೇ ಎರಡು ಡಬ್ಬಗಳಲ್ಲೂ ತಾವು ಹಾಕಿದ್ದನ್ನೆಲ್ಲ ಅಳಿಸಿ, ಕೈ ಕೊಡವಿ ಎದ್ದರು.

ಮರುನಿಮಿಷವೇ ಹೆಂಡತಿಯ ಫೋನು ಬಡಿದುಕೊಂಡಿತು. ಮಾವನವರು! ಅವಳು ಸ್ಪೀಕರಿಗೆ ಹಾಕಿದಳು.

"ಯಾಕಮ್ಮಾ ನಿಲ್ಲಿಸ್ಬಿಟ್ರಿ? ಚೆನ್ನಾಗಿ ಬರ್ತಿತ್ತಲ್ಲ!"

"ಏನು ಬರ್ತಿತ್ತಪ್ಪಾ?"

"ನಿಮ್ಮನೆ! ಬೆಳಿಗ್ಗೆ ಹತ್ತೂ ಐದರಿಂದ ನೋಡ್ತಾ ಇದ್ದೀವಿ. ನಡುವೆ ಮೂರು ಸಲ ಹೋಯ್ತು, ಮತ್ತೆ ಬಂತು. ಅಕ್ಕ, ಭಾವ, ಪಕ್ಕದ ಮನೆಯವರು ಎಲ್ಲ ಇಲ್ಲೇ ಕೂತಿದ್ದಾರೆ. ಊಟಾನೂ ಟ್ಯಾಬಿನ ಮುಂದೇನೇ ಮಾಡಿದ್ವಿ."

ಸಾಹೇಬರಿಗೆ ಆಗ ಹೊಳೆಯಿತು. ಹೊರಗಿನಿಂದ ಬರುವವರಿಗೆ ಬಾಗಿಲು ತೆಗೆದು, ತಾವು ಮಾತ್ರ ಇಡೀ ದಿನ ಮನೆಯ ವೈಫೈಯಲ್ಲೇ ಕೂತು ಪರೀಕ್ಷೆ ಮಾಡಿದ್ದರು! ಮನೆಯೊಳಗೇ ಇದ್ದುಕೊಂಡು ಮುಂಬಾಗಿಲು ತಟ್ಟಿ, 'ಯಾರೂ ತೆಗೀತಿಲ್ಲ' ಎಂದು ಅತ್ತಂತೆ. ಒಳಗಿನಿಂದ ಹೋಗಿ ಹೊರವಿಳಾಸಕ್ಕೆ ತಿರುಗಿ ಬರುವವರನ್ನು ಆ ರೂಟರು ಗುರುತೇ ಹಿಡಿಯುವುದಿಲ್ಲ. 'ಪರೀಕ್ಷೆ ಮಾಡುವಾಗ ಹೊರಗೆ ಹೋಗಿ ಮಾಡಿ' ಎಂದು ಆಫೀಸಿಗೆ ಸೇರುವ ಪ್ರತಿಯೊಬ್ಬರಿಗೂ ಪಾಠ ಹೇಳುತ್ತಿದ್ದವರು ಸ್ವತಃ ಇವರೇ!

"ಮಾವ... ಧ್ವನಿ?" ಎಂದರು, ತಮ್ಮ ಧ್ವನಿಯೇ ಹೊರಡದೆ.

"ಗಂಟೆ ಹೊಡೆದ ಹಾಗೆ ಸ್ಪಷ್ಟ!"

ಭೂಮಿ ಬಾಯಿಬಿಡಬಾರದೇ ಎನಿಸಿತು. ಸಾಹೇಬರು ಅವಸರದಲ್ಲಿ ಅಂಗಿ ಹುಡುಕಿದರು. ಕ್ಯಾಮೆರಾ ಆಗಲೇ ಕುರುಡಾಗಿದೆ ಎಂಬುದು ನೆನಪಾಗಲಿಲ್ಲ.

"ಮತ್ತೆ ಹಾಕಿ ಅಳಿಯಂದ್ರೇ. ಇನ್ನೊಂದು ಗಂಟೆಗೆ ನಾನು ಹೊರಡ್ಬೇಕು."

"ಹಾಕ್ತೀನಿ ಮಾವ, ಆದ್ರೆ... ಬೆಳಿಗ್ಗೆ ಏನೇನು ಹಾಕಿದ್ದೆ ಅಂತ... ಎಲ್ಲ ಅಳಿಸಿಬಿಟ್ಟೆ."

"ಅಷ್ಟೇನಾ? ಇರಿ, ಕನ್ನಡಕ ಹಾಕ್ಕೊಳ್ತೀನಿ." ಆ ಕಡೆ ಹಾಳೆ ಮಗುಚುವ ಸದ್ದು. ಗಿರಣಿಯ ಗೇಟಿನಲ್ಲಿ ಮೂವತ್ತು ವರ್ಷ ಕೂತು, ಯಾರು ಎಷ್ಟು ಹೊತ್ತಿಗೆ ಬಂದರು, ಹೋದರು ಎಂದು ಬರೆದಿಟ್ಟ ಕೈ ಅದು! "ನೀವು ಹೇಳ್ಕೊಂಡಿದ್ದನ್ನೆಲ್ಲ ಬರ್ಕೊಂಡಿದ್ದೀನಿ. ಹತ್ತೂ ಐದಕ್ಕಿಂತ ಮುಂಚಿಂದು ಒಂದೇ ಕಾಣೆ, ಆಗಿನ್ನೂ ನೀವು ಬಂದಿರ್ಲಿಲ್ಲ. ಆದ್ರೆ ಆಮೇಲೆ ಅದನ್ನೇ ಹನ್ನೊಂದು ಸಲ ಹೇಳಿದ್ರಿ. ಮೊದ್ಲು ಪಾಸ್‌ವರ್ಡ್ ಓದ್ಲಾ?"

"ಪಾಸ್‌ವರ್ಡೂ ಗೊತ್ತಾಯ್ತಾ?"

"ನಿಮ್ಮ ಷಡ್ಡಕರೂ ಬರ್ಕೊಂಡ್ರು."

ನಾನೂರು ಕಂಪ್ಯೂಟರುಗಳ ಒಡೆಯರು ಲ್ಯಾಪ್‌ಟಾಪ್ ಎತ್ತಿಕೊಂಡು ಮತ್ತೆ ಅದೇ ಸ್ಟೂಲಿನ ಮೇಲೆ ಕೂತರು. ಮಾವನವರು ಉಕ್ತಲೇಖನ ಶುರು ಮಾಡಿದರು.

"ರೂಟರಿನಲ್ಲಿ, ಹೊರಗಿಂದ ಎಂಟು ಸಾವಿರದ ಎಂಬತ್ತೊಂದು, ಒಳಗೆ ಫೈರ್‌ವಾಲಿಗೆ. ಆಯ್ತಾ? ಫೈರ್‌ವಾಲಿನಲ್ಲಿ, ಅದೇ ಎಂಬತ್ತೊಂದು, ಕೊನೇಲಿ ಇಪ್ಪತ್ತು ಇರೋ ವಿಳಾಸಕ್ಕೆ. ಆಮೇಲೆ, ಒಂದು ಗಂಟೆ ಹನ್ನೆರಡು ನಿಮಿಷ, 'ಈ ಮೀನಿನ ಮುಖ ನೋಡೇ ಮೊದ್ಲು, ಥೇಟ್...'"

"ಅದು ಬೇಡ ಮಾವ!"

"ಬೇಡ್ವಾ? ನಾನು ಒಂದೂ ಬಿಡದೆ ಓದೋನು." ಆ ಕಡೆ ಒಂದು ಮನೆ ತುಂಬ ನಗು. ಬಳಿಕ ಮುದುಕರ ಸ್ವರ ಮೆತ್ತಗಾಯಿತು. "ರಾತ್ರಿಯೆಲ್ಲ ಭಯಕ್ಕೆ ಕಣ್ಣು ಮುಚ್ಚಿರ್ಲಿಲ್ಲ ಅಳಿಯಂದ್ರೇ. ಇವತ್ತು ನಕ್ಕೂ ನಕ್ಕೂ ಮಂಡಿ ಇದೆ ಅನ್ನೋದೇ ಮರೆತೋಯ್ತು."

ಸಾಹೇಬರು ಕೀಲಿಮಣೆಯತ್ತ ಬಾಗಿದರು. ಕಣ್ಣೊರೆಸಿಕೊಂಡು, ಕೊನೆಯ ಗುಂಡಿ ಒತ್ತಿ, ಎದೆ ಸೆಟೆಸಿ ಕೇಳಿದರು. "ಬಂತಾ ಮಾವ?"

"ಬಂತು ಬಂತು! ಕನ್ನಡಿಯ ಹಾಗೆ ಬಂತು! ಇನ್ನು ದಯಮಾಡಿ ಸ್ವಲ್ಪ ಪಕ್ಕಕ್ಕೆ ಸರೀರಿ. ಬೆಳಿಗ್ಗೆಯಿಂದ ನಿಮ್ಮ ಬೆನ್ನೇ ನೋಡ್ತಾ ಇದ್ದೀನಿ. ಮೀನು ಇನ್ನೂ ಒಂದ್ಸಲಾನೂ ಕಂಡಿಲ್ಲ!"