ಕೋಟೆಗೆ ಹೋಗದ ಕುದುರೆ

ಹಿಡಿದ ಕೆಲಸ ಮುಗಿಯುವ ತನಕ ಕೆಲವರಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಆ ಪೈಕಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೆಣೆದ ಸ್ವೆಟರಿಗೆ ಎರಡನೆಯ ತೋಳು ಬಂದದ್ದು ಅಪರೂಪ. ವಾರಪತ್ರಿಕೆಯ ಧಾರಾವಾಹಿಯನ್ನು ನಡುವಿನಿಂದ ಓದಲು ಶುರು ಮಾಡಿ ಕೊನೆಗೆ ಮುಂಚೆಯೇ ಬಿಟ್ಟರೂ ನನಗೆ ಏನೂ ಕಳೆದುಕೊಂಡ ಹಾಗೆ ಅನ್ನಿಸುವುದಿಲ್ಲ. ಹುಣಸೆಹಣ್ಣು ಬಿಡಿಸಲು ಕೂತವಳು, ಬೀದಿಯ ತಿರುವಿನಲ್ಲಿ ಯಾರೋ ಲಾರಿ ತಿರುಗಿಸಲು ಒದ್ದಾಡುವುದನ್ನು ನೋಡುತ್ತಾ ನಿಂತು, ಹುಣಸೆಹಣ್ಣನ್ನು ಇರುವೆಗಳಿಗೆ ಬಿಟ್ಟುಕೊಟ್ಟದ್ದುಂಟು. ಇಂಥ ನನ್ನನ್ನು ಹಿರಿಯರು ಕೂಡಿ, ಜಾತಕ ನೋಡಿ, ಹೊಸೂರಿನ ಒಂದು ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿದ್ದ ಶಂಕರ ಎಂಬವರಿಗೆ ಕೊಟ್ಟು ಮದುವೆ ಮಾಡಿದರು. ಯಾವ ಲೈನಿನಲ್ಲಿ ಯಾವ ಭಾಗ ಎಷ್ಟು ಹೊತ್ತಿಗೆ ತಯಾರಾಗಬೇಕು ಎಂದು ಹಿಂದಿನ ದಿನವೇ ಹೇಳುವುದು ಅವರ ಕೆಲಸ. ಆ ಕೆಲಸ ಅವರ ಜೊತೆ ಮನೆಗೂ ಬರುತ್ತದೆ. ಭಾನುವಾರ ದೋಸೆ ತಿನ್ನಲು ಕೂತರೂ "ಒಟ್ಟು ಎಷ್ಟು ಹುಯ್ಯೋ ಪ್ಲಾನು?" ಎಂದು ಕೇಳಿಕೊಂಡೇ ಮೊದಲನೆಯದನ್ನು ಮುರಿಯುತ್ತಾರೆ. ಒಳ್ಳೆಯ ಮನುಷ್ಯ. ಅದನ್ನೂ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಸಂಗತಿಯಲ್ಲಿ ಅವರು ಮಾಡಿದ್ದೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಆಗ ನಾವು ಮತ್ತಿಗಿರಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆಯಲ್ಲಿದ್ದೆವು. ಕೆಳಗೆ ಮನೆಯ ಒಡತಿ ಮುನಿಯಕ್ಕ. ಅರವತ್ತು ದಾಟಿದವರು, ಅಜ್ಜ ಮುತ್ತಜ್ಜರ ಕಾಲದಿಂದ ಅಲ್ಲಿಯವರೇ. ತರಕಾರಿಯವನ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡಿ, ಗ್ಯಾಸಿನವನನ್ನು ತಮಿಳಿನಲ್ಲಿ ಗದರಿ, ಮೆಟ್ಟಿಲು ಹತ್ತಿ ಬಂದು ನನ್ನ ಹತ್ತಿರ ಕನ್ನಡದಲ್ಲಿ ಮಂಡಿನೋವು ಹೇಳಿಕೊಳ್ಳುತ್ತಿದ್ದರು. ನಾನು ಚನ್ನಪಟ್ಟಣದ ಶಾಲೆಯೊಂದರಲ್ಲಿ ಸಮಾಜಪಾಠ ಹೇಳಿಕೊಂಡಿದ್ದವಳು. ಇಲ್ಲಿಗೆ ಬಂದ ಮೇಲೆ ತಮಿಳು ಬಾರದ ಟೀಚರು ಯಾರಿಗೂ ಬೇಕಾಗಲಿಲ್ಲ. ಹೊರಗೆ ಕಾಲಿಟ್ಟರೆ ಯಾರಾದರೊಬ್ಬರು "ಎಂಗೆ ಪೋರೀಂಗ?" ಎಂದು ಕೇಳುತ್ತಿದ್ದರು. ಎಲ್ಲಿಗೆ ಹೋಗ್ತಿದ್ದೀರಿ ಎಂಬ ಆ ಸಾದಾ ಪ್ರಶ್ನೆಗೆ ಉತ್ತರ ಕೊಡುವಷ್ಟು ತಮಿಳು ನನ್ನಲ್ಲಿರಲಿಲ್ಲ. ಇದ್ದಿದ್ದರೂ, ಹೋಗಬೇಕಾದ ಜಾಗ ಇರಲಿಲ್ಲ. ಹೀಗಾಗಿ ಮಧ್ಯಾಹ್ನಗಳು ಮಾತ್ರ ನನಗೆ ಬೇಕಾದಷ್ಟು ಸಿಕ್ಕಿದವು.

ಆ ಮಧ್ಯಾಹ್ನಗಳೊಳಗೆ ಒಂದು ಕಂಪ್ಯೂಟರ್ ಬಂತು. ಆಫೀಸಿನ ಲೆಕ್ಕವನ್ನು ಮನೆಯಲ್ಲೂ ಮಾಡಬಹುದು ಎಂದು ನಮ್ಮವರು ತಂದದ್ದು. ಜೋಡಿಸಿಕೊಟ್ಟ ಅಂಗಡಿಯವನು ಪುಕ್ಕಟೆಯಾಗಿ ಒಂದು ಆಟವನ್ನೂ ಅದರೊಳಗೆ ಹಾಕಿ ಕಳಿಸಿದ್ದ. ಯಾವುದೋ ಹೆಸರಿಲ್ಲದ ರಾಜ್ಯ. ಸೇನಾಪತಿ ತಿರುಗಿಬಿದ್ದು ಬೆಟ್ಟದ ಮೇಲಿನ ಕೋಟೆಯನ್ನು ಹಿಡಿದುಕೊಂಡಿದ್ದಾನೆ. ಆಡುವವರು ಕುದುರೆ ಏರಿದ ಒಬ್ಬ ಸಿಪಾಯಿಯಾಗಿ, ದಾರಿಯ ವೈರಿಗಳನ್ನೆಲ್ಲ ಸವರಿ ಕೋಟೆ ಬಿಡಿಸಬೇಕು. ನಾನೂ ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಮೊದಲನೆಯ ಸೇತುವೆಯ ಮೇಲೆ ಕೊಡಲಿ ಹಿಡಿದ ಇಬ್ಬರು ಇರುತ್ತಿದ್ದರು. ನಾನು ಕತ್ತಿ ತೆಗೆಯುವ ಗುಂಡಿ ಯಾವುದೆಂದು ಹುಡುಕುವಷ್ಟರಲ್ಲಿ ಅವರು ನನ್ನನ್ನು ಹೊಳೆಗೆ ಕೆಡವುತ್ತಿದ್ದರು. ಒಂದು ದಿನ ಹೀಗೇ ಸೇತುವೆಯ ಈಚೆ ನಿಂತು ಧೈರ್ಯ ತಂದುಕೊಳ್ಳುತ್ತಿದ್ದಾಗ ಕುಕ್ಕರ್ ಕೂಗಿತು. ಎದ್ದು ಹೋಗಿ, ಒಲೆ ಆರಿಸಿ, ಹಾಗೇ ಸಾರಿಗೆ ಒಗ್ಗರಣೆಯನ್ನೂ ಹಾಕಿ ಬಂದು ನೋಡುತ್ತೇನೆ, ಸಿಪಾಯಿ ಶಿರಸ್ತ್ರಾಣ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಾನೆ. ಕುದುರೆ ತಲೆ ಬಗ್ಗಿಸಿ ಹುಲ್ಲು ಮೇಯುತ್ತಿದೆ. ಆಟ ಕಟ್ಟಿದವರಲ್ಲಿ ಯಾರೋ ಪುಣ್ಯಾತ್ಮ, ಆಡುವವರು ಸುಮ್ಮನಿದ್ದರೆ ಏನಾಗಬೇಕು ಎಂದೂ ಯೋಚನೆ ಮಾಡಿದ್ದ. ನಾನು ಕುರ್ಚಿಯ ಮೇಲೆ ಕೂತು, ಯಾವ ಗುಂಡಿಯನ್ನೂ ಮುಟ್ಟದೆ, ಅದು ಮೇಯುವುದನ್ನು ನೋಡಿದೆ. ಆಮೇಲೆ ಸೇತುವೆಗೆ ಬೆನ್ನು ಹಾಕಿ ಹೊಳೆಯ ದಡ ಹಿಡಿದು ಹೊರಟೆ. ಯಾರೂ ತಡೆಯಲಿಲ್ಲ, ಎಂಗೆ ಪೋರೀಂಗ ಎಂದು ಯಾರೂ ಕೇಳಲಿಲ್ಲ.

ಮುನಿಯಕ್ಕ ಬಂದು ಸೇರಿದ್ದು ಅವರೆಕಾಯಿಯ ಕಾಲದಲ್ಲಿ. ಮೊರದಲ್ಲಿ ಕಾಯಿ ತಂದು ಸುಲಿಯುತ್ತಾ ಕೂತವರು ತೆರೆಯ ಕಡೆ ನೋಡಿ, "ಯಾರ್ ಕುದ್ರೆಯಮ್ಮಾ ಅದು?" ಎಂದರು. ನನ್ನದೇ ಅಂದೆ. "ಎಲ್ಗೆ ಹೋಗ್ತೈತೆ?" ಎಲ್ಲಿಗೂ ಇಲ್ಲ, ಸುಮ್ಮನೆ ಅಂದೆ. ಇದಕ್ಕೆ ಅವರು ನಗಲಿಲ್ಲ. "ಹಂಗಾದ್ರೆ ಆ ಗುಡ್ಡದ ಆಚ್ಗೆ ಏನೈತೆ ನೋಡಾನ, ನಡಿ" ಎಂದರು. ಗುಡ್ಡದ ಆಚೆಗೆ ಒಂದು ಹಾಳು ಗಾಣ ಇತ್ತು. ಅದರಾಚೆ ಒಂದು ಕೆರೆ. ಅಂದಿನಿಂದ ದಿನಾ ಮಧ್ಯಾಹ್ನ ಅವರು ಬರತೊಡಗಿದರು. ಕೆಂಪು ಬಣ್ಣದ ಆ ಕುದುರೆಗೆ ಕೆಂಚ ಎಂದು ಹೆಸರಿಟ್ಟವರೂ ಅವರೇ. ನೀರು ಕಂಡಲ್ಲೆಲ್ಲ ನಿಲ್ಲಿಸಬೇಕು. "ಕುಡೀಲಾ ಕೆಂಚ, ಮುಂದ್ಕೆ ಎಲ್ಲಿ ಸಿಗ್ತದೋ ಏನೋ" ಎಂದು ತೆರೆಗೆ ಹೇಳುತ್ತಿದ್ದರು. ಆ ರಾಜ್ಯದ ಹೊಲಗಳನ್ನು ನೋಡಿ, ಇಷ್ಟು ಬೆಳೆದು ನಿಂತಿದೆ, ಕುಯ್ಯುವವರು ಯಾರು ಎಂದು ಕೊರಗುತ್ತಿದ್ದರು. ಚಿಕ್ಕವರಿದ್ದಾಗ ಅವರು ಮತ್ತಿಗಿರಿಯ ಸುತ್ತ ದನ ಮೇಯಿಸಿಕೊಂಡು ತಿರುಗಿದವರಂತೆ. "ದನದ ಹಿಂದೆ ಹೋಗ್ತಿದ್ವಿ, ಅದು ಕರ್ಕೊಂಡು ಹೋದ್ ಕಡೆ. ಈಗ ಅಲ್ಲೆಲ್ಲ ಕಾಂಪೌಂಡು" ಎಂದು ಒಮ್ಮೆ ಹೇಳಿದರು. ಬೇಜಾರಿನಲ್ಲೇನೂ ಅಲ್ಲ, ನಮ್ಮ ಮನೆಯ ಕಾಂಪೌಂಡೂ ಅವರೇ ಕಟ್ಟಿಸಿದ್ದು. ಹೇಳಿ ಕಾಯಿ ಸುಲಿಯುವುದನ್ನು ಮುಂದುವರಿಸಿದರು. ನಾನು ಕೆಂಚನನ್ನು ಇನ್ನೊಂದು ಬಯಲಿನ ಕಡೆ ತಿರುಗಿಸಿದೆ. ಈ ಊರಿಗೆ ಬಂದ ಮೇಲೆ ಮೊದಲ ಸಲ ನನಗೆ, ಮಧ್ಯಾಹ್ನ ಇಷ್ಟು ಬೇಗ ಮುಗಿಯಿತೇ ಅನ್ನಿಸತೊಡಗಿತು.

ನಮ್ಮವರಿಗೆ ಇದು ಅರ್ಥವಾಗಲಿಲ್ಲ. ಕಾರ್ಖಾನೆಯಿಂದ ಬಂದವರು ಕಾಫಿ ಲೋಟ ಹಿಡಿದು ನನ್ನ ಹಿಂದೆ ನಿಂತು "ಎಲ್ಲಿಗೆ ಬಂತು?" ಎಂದು ಕೇಳುವರು. ಇವತ್ತು ಒಂದು ಬಾತುಕೋಳಿ ಮರಿಗಳನ್ನು ಕರೆದುಕೊಂಡು ದಾರಿ ದಾಟಿತು ಎಂದು ನಾನು ಹೇಳುವೆ. "ಅದು ಸರಿ, ಸೇತುವೆ?" ಸೇತುವೆ ಅಲ್ಲೇ ಇದೆ ಎನ್ನುವೆ. ಅವರ ಮುಖದಲ್ಲಿ ಮರುಕ ಕಾಣಿಸುತ್ತಿತ್ತು. ಪಾಪ, ಇವಳಿಗೆ ಸೇತುವೆ ದಾಟಲು ಬರುವುದಿಲ್ಲ, ಅದನ್ನು ಹೇಳಿಕೊಳ್ಳಲಾರದೆ ಬಾತುಕೋಳಿಯ ಮಾತಾಡುತ್ತಾಳೆ ಎಂದು ಅವರು ತಿಳಿದುಕೊಂಡಿದ್ದರು. ನಾನು ಬಿಡಿಸಿ ಹೇಳಬಹುದಿತ್ತು. ಆದರೆ ಸುಮ್ಮನೆ ಸುತ್ತುವುದು ಯಾಕೆ ಚೆನ್ನಾಗಿರುತ್ತದೆ ಎಂದು ಪ್ಲಾನಿಂಗಿನವರಿಗೆ ಹೇಳುವ ಮಾತು ನನಗೆ ಯಾವ ಭಾಷೆಯಲ್ಲೂ ಹೊಳೆಯಲಿಲ್ಲ.

ಆ ಹೊತ್ತಿಗೆ ತಂಗಿಯ ಸೀಮಂತ ಬಂತು. ನಾನು ಚನ್ನಪಟ್ಟಣಕ್ಕೆ ಹೋಗಿ ಒಂದು ವಾರ ಇದ್ದು ಬಂದೆ. ಬಾಗಿಲು ತೆರೆದ ನಮ್ಮವರ ಮುಖ ಹಬ್ಬದ ಹಾಗಿತ್ತು. ಚೀಲ ಇಳಿಸಲೂ ಬಿಡದೆ ಕಂಪ್ಯೂಟರಿನ ಮುಂದೆ ಕೂರಿಸಿದರು. ಕೋಟೆಯ ಮೇಲೆ ಬಾವುಟ ಹಾರುತ್ತಿತ್ತು. ರಾಜ ಸಿಪಾಯಿಯ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಆಮೇಲೆ ಕಪ್ಪು ತೆರೆಯ ಮೇಲೆ ಆಟ ಮಾಡಿದವರ ಹೆಸರುಗಳು ಮೆಲ್ಲಗೆ ಮೇಲೇರತೊಡಗಿದವು.

"ಮುಗಿಸಿಬಿಟ್ಟೆ" ಎಂದರು. "ನೀನು ಎಷ್ಟು ದಿನದಿಂದ ಒದ್ದಾಡ್ತಿದ್ದೆ ನೋಡು. ಒಂದು ದಿನ ರಜೆ ಹಾಕಿದೆ ಇದಕ್ಕೋಸ್ಕರ."

ನಾವು ನಿಂತಿದ್ದ ಕೆರೆಯ ದಂಡೆಗೆ ವಾಪಸು ಹೋಗುವುದು ಹೇಗೆ ಎಂದು ಕೇಳಿದೆ. ಹೋಗೋಕೆ ಆಗಲ್ಲ, ಮುಗಿಯಿತಲ್ಲ, ಇನ್ನು ಈ ಚಿತ್ರ ಮಾತ್ರ ಬರುವುದು ಎಂದರು. ಆಟ ಎಲ್ಲಿ ನಿಂತಿತ್ತು ಎಂಬುದನ್ನು ಕಂಪ್ಯೂಟರ್ ಒಂದೇ ಒಂದು ಕಡೆ ನೆನಪಿಟ್ಟುಕೊಳ್ಳುತ್ತಿತ್ತು, ನಮ್ಮ ಕೆರೆಯನ್ನು ಅಳಿಸಿ ಅಲ್ಲಿ ಈಗ ಕೋಟೆ ಕೂತಿತ್ತು. ನನಗೆ ಅಳು ಬಂದ ಹಾಗಾಯಿತು. ಆದರೆ ನನಗಾಗಿ ರಜೆ ಹಾಕಿದ ಮನುಷ್ಯನ ಎದುರಿಗೆ ಅಳುವುದು ಹೇಗೆ? ತುಂಬಾ ಚೆನ್ನಾಗಿ ಮಾಡಿದ್ದೀರಿ ಎಂದು ಹೇಳಿ ಸೀಮಂತದ ಚಿಗಳಿ ಉಂಡೆ ಕೊಟ್ಟೆ.

ನಾನು ಬಂದ ಸದ್ದು ಕೇಳಿ ಮುನಿಯಕ್ಕ ಮೆಟ್ಟಿಲು ಹತ್ತಿ ಬಂದರು. "ಕೆಂಚ ಹೆಂಗವ್ನೆ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಕುದುರೆ ಕೋಟೆ ಬಾಗಿಲಲ್ಲಿ ಬಿದ್ದುಹೋಯ್ತು ಅಕ್ಕ. ಕಥೆಯೇ ಹಾಗಿದೆ, ಏನೂ ಮಾಡೋಕಾಗಲ್ಲ. ಆದರೆ ಕೋಟೆ ಸಿಕ್ತು."

"ಹೋಗ್ಬುಟ್ನಾ?" ಎಂದು ಮುನಿಯಕ್ಕ ಕೇಳಿದರು.

"ಹೂಂ."

"ಎಲ್ಲಿ ಹೂತ್ರು?"

"ಹೂಳೋದೆಲ್ಲ ಅದರಲ್ಲಿ ಇಲ್ಲ ಅಕ್ಕ."

ಮುನಿಯಕ್ಕ ಹೆಸರುಗಳು ಮೇಲೇರುವುದನ್ನೇ ನೋಡಿದರು. "ಬತ್ತೀನಮ್ಮ, ಮಂಡಿ ನೋವು" ಎಂದು ಕೆಳಗಿಳಿದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕೆಳಗೆ ನಲ್ಲಿಯ ಹತ್ತಿರ ಸಿಕ್ಕರೆ ಮಾತಾಡುತ್ತಿದ್ದರು, ನೀರು ಬಂತಾ, ಹಾಲು ಬಂತಾ, ಅಷ್ಟೇ. ನಮ್ಮವರು ಮೊದಲು ಇದನ್ನು ಮಂಡಿನೋವೆಂದೇ ನಂಬಿದರು. ಆಮೇಲೆ ಒಂದು ಸಂಜೆ ಅವರು ಅನ್ನಕ್ಕೆ ಕೈಹಾಕಿ, ಕಲಸದೆ, "ಸತ್ತಿದ್ದು ಕುದುರೆ ಅಲ್ಲ ಕಣೇ, ಚಿತ್ರ" ಎಂದರು. ನಾನು ಸಾರು ಬಡಿಸಿದೆ. "ನೀನೂ ಅಕ್ಕನ ಹಾಗೇ ಮಂಕಾಗಿದ್ದೀಯ" ಎಂದರು. ನಾನು ಚೆನ್ನಾಗಿದ್ದೇನೆ, ಮಧ್ಯಾಹ್ನ ಮಾತ್ರ ಸ್ವಲ್ಪ ಉದ್ದವಾಗಿದೆ ಎಂದೆ. ಅವರು ಊಟ ಮುಗಿಸಿ ಕೆಳಗೆ ಹೋದರು. ಮೆಟ್ಟಿಲ ಮೇಲೆ ನಿಂತ ನನಗೆ ಅವರ ಮಾತು ಕೇಳಿಸಿತು.

"ಅಕ್ಕ, ಮತ್ತೆ ಮೊದಲಿಂದ ಶುರು ಮಾಡಿದರೆ ಕುದುರೆ ಬರುತ್ತೆ. ಅದೇ ಕುದುರೆ."

"ಅದೇ ಹೆಂಗಪ್ಪಾ ಆಗ್ತದೆ ಸಂಕ್ರಾ? ಹೋಗಿದ್ದು ಹೋಯ್ತು."

"ಬಂದು ನೋಡಿ ಒಂದ್ಸಲ."

ಭಾನುವಾರ ಮುನಿಯಕ್ಕ ಬಂದರು. ನಮ್ಮವರು ಆಟವನ್ನು ಮೊದಲಿನಿಂದ ಶುರು ಮಾಡಿ, ಲಾಯದಿಂದ ಕುದುರೆ ಹೊರಗೆ ತಂದು ನಿಲ್ಲಿಸಿದರು. ಹೆಣ್ಣು ತೋರಿಸುವ ಮನೆಯಲ್ಲಿ ಹೆಣ್ಣಿನ ಅಪ್ಪ ಕೂರುವ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮುನಿಯಕ್ಕ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಬಣ್ಣ ಅದೇ. ಆದ್ರೆ ಇವ್ನು ಅವ್ನಲ್ಲ. ಕೆಂಚ ನೀರ್ ಕಂಡ್ರೆ ನಿಂತ್ಕತಿದ್ದ" ಎಂದರು. ನಿಲ್ಲಿಸುತ್ತಿದ್ದವಳು ನಾನು ಎಂದು ಹೇಳಬಹುದಿತ್ತು, ಹೇಳಲಿಲ್ಲ. ನಮ್ಮವರು ಮಾತಾಡದೆ ಹೊಳೆಯ ದಡಕ್ಕೆ ಹೋಗಿ ಕುದುರೆ ನಿಲ್ಲಿಸಿ ಕೈ ತೆಗೆದರು. ಅದು ಬಗ್ಗಿ ಕುಡಿಯಿತು. ಅವರ ಬೆರಳುಗಳು ಮುಂದೆ ಹೋಗಲು ಮೇಜಿನ ಮೇಲೆ ಕುಣಿಯುತ್ತಿದ್ದವು. "ತಡಿ, ಕುಡೀಲಿ" ಎಂದರು ಮುನಿಯಕ್ಕ. ನಮ್ಮವರು ತಡೆದುಕೊಂಡರು. ಆ ಭಾನುವಾರದಿಂದ ಮುಂದೆ, ಮೊದಲ ಶಿಫ್ಟಿನ ವಾರಗಳಲ್ಲಿ ಮಧ್ಯಾಹ್ನವೇ ಮನೆಗೆ ಬರುತ್ತಿದ್ದ ಅವರು ಬಟ್ಟೆ ಬದಲಾಯಿಸಿ ಕುರ್ಚಿಗೆ ಕೂರುವರು, ಮುನಿಯಕ್ಕ ಪಕ್ಕದಲ್ಲಿ. ಕಾಲುವೆ ಕಂಡರೆ ನಿಲ್ಲು, ಕೆರೆ ಕಂಡರೆ ನಿಲ್ಲು, ಯಾರದೋ ಹಿತ್ತಲ ಬಾವಿ ಕಂಡರೂ ನಿಲ್ಲು. ಕೆಲವು ವಾರ ಕಳೆದ ಮೇಲೆ ಒಂದು ದಿನ, ಹೇಳುವ ಮೊದಲೇ ಕುದುರೆ ಹಳ್ಳದ ಹತ್ತಿರ ನಿಂತಿತು. "ಹೂಂ, ಕಲೀತಾವ್ನೆ" ಎಂದರು ಮುನಿಯಕ್ಕ. ಕುದುರೆಯನ್ನೋ ನಮ್ಮವರನ್ನೋ ಎಂದು ನಾನು ಕೇಳಲಿಲ್ಲ. ಅಂದೇ ಅದಕ್ಕೆ ಮರಿಕೆಂಚ ಎಂದು ಹೆಸರಾಯಿತು.

ಅಲ್ಲಿಂದಾಚೆಗೆ ನನಗೆ ಕುರ್ಚಿ ಸಿಗುವುದೇ ಕಷ್ಟವಾಯಿತು. ನಾನು ಕಾಫಿ ಲೋಟ ಹಿಡಿದು ಹಿಂದೆ ನಿಲ್ಲುವವಳಾದೆ. ಲೈನ್ ನಿಂತುಹೋಗಿ ಮೇಲಿನವರಿಂದ ಮಾತು ಕೇಳಿ ಬಂದ ದಿನ, ನಮ್ಮವರು ಮೊದಲೆಲ್ಲ ಊಟ ಬಿಡುತ್ತಿದ್ದರು. ಈಗ ಹೋಗಿ ಹಾಳು ಗಾಣದ ಹತ್ತಿರ ಕುದುರೆ ಮೇಯಲು ಬಿಟ್ಟು, ಕೈಕಟ್ಟಿ ಕೂತು, ಆಮೇಲೆ ಎದ್ದು ಸರಿಯಾಗಿ ಊಟ ಮಾಡುತ್ತಿದ್ದರು. "ಸಮುದ್ರ ಇದೆ ಕಣೇ ಆ ಕಡೆ, ನೀನು ನೋಡೇ ಇಲ್ಲ" ಎಂದು ಒಂದು ದಿನ ನನಗೇ ಹೇಳಿದರು.

ಚಳಿಗಾಲ ಮುಗಿಯುವ ಒಂದು ಭಾನುವಾರ ನಮ್ಮವರು, "ನಿಜವಾಗಲೂ ಎಲ್ಲಾದರೂ ಸುಮ್ಮನೆ ಸುತ್ತಿ ಬರೋಣವಾ?" ಎಂದರು. ಜವಳಗಿರಿಯಲ್ಲಿ ಮುನಿಯಕ್ಕನ ತಂಗಿಯ ಮನೆ ಇತ್ತು. ಮೂವರೂ ಬಸ್ಸು ಹತ್ತಿದೆವು. ಊರು ಇನ್ನೂ ದೂರ ಇರುವಾಗಲೇ, ಇಲ್ಲಿಂದ ನಡೆಯೋಣ ಎಂದು ಅವರಿಬ್ಬರೂ ಕೂಡಿ ಬಸ್ಸು ನಿಲ್ಲಿಸಿದರು. ರಾಗಿ ಕುಯ್ದ ಹೊಲಗಳು, ಆಚೆಗೆ ಕಾಡು. ಮಂಡಿನೋವಿನ ಮುನಿಯಕ್ಕ ಮುಂದೆ, ಟೈಂಟೇಬಲ್ಲಿನ ನಮ್ಮವರು ಅವರ ಹಿಂದೆ. ಒಂದು ಬದುವಿಗೆ ನಿಲ್ಲುವರು, ಒಂದು ಹುತ್ತಕ್ಕೆ ನಿಲ್ಲುವರು. ನೀರಿಲ್ಲದ ಒಂದು ಹೊಂಡದ ಹತ್ತಿರವೂ ನಿಂತು ನೋಡಿದರು. ನನಗೆ ಹೊಸ ಚಪ್ಪಲಿ ಕಚ್ಚುತ್ತಿತ್ತು. ಬುತ್ತಿಯ ಮೊಸರನ್ನ ಹುಳಿಯಾಗುತ್ತದೆ, ವಾಪಸು ಬಸ್ಸು ಎಷ್ಟು ಹೊತ್ತಿಗೋ, ಆನೆ ಬರುವ ಜಾಗ ಬೇರೆ, ಇಷ್ಟು ಹೊತ್ತಿಗೆ ಅವರ ತಂಗಿಯ ಮನೆ ಮುಟ್ಟಿರಬೇಕಿತ್ತು. "ಇಲ್ಲೇನಿದೆ ಅಂತ ನಿಂತಿದ್ದೀರಿ?" ಎಂದೆ.

"ಏನಿಲ್ಲ" ಎಂದರು ನಮ್ಮವರು, ತುಂಬಾ ಸಮಾಧಾನವಾಗಿ.

ನಾನು ಒಂದು ಹೊಂಗೆಮರದ ನೆರಳಿನಲ್ಲಿ ಕೂತು ಚಪ್ಪಲಿ ಬಿಚ್ಚಿದೆ. ಕಾಲಿನ ಕೆಳಗೆ ದಿಂಬು, ತಲೆಯ ಮೇಲೆ ಫ್ಯಾನು, ಕೈಗೆ ಸಿಗುವಷ್ಟು ದೂರದಲ್ಲಿ ಕಾಫಿ, ಇಷ್ಟಿಲ್ಲದೆ ಗುರಿಯಿಲ್ಲದೆ ತಿರುಗುವುದು ನನ್ನಿಂದಾಗುವ ಕೆಲಸವಲ್ಲ ಎಂದು ಅಲ್ಲಿ ಕೂತಾಗ ಗೊತ್ತಾಯಿತು. ಅವರಿಬ್ಬರೂ ಸ್ವಲ್ಪ ದೂರದಲ್ಲಿ ನಿಂತು ಕಾಡಿನ ಕಡೆ ಕೈ ತೋರಿಸಿ ಏನೋ ಮಾತಾಡುತ್ತಿದ್ದರು. ನಾನು ಕೂತಲ್ಲಿಂದಲೇ ಕರೆದು ಹೇಳಿದೆ, "ಬೇಗ ಬೇಗ ನಡೀರಿ, ತಂಗಿ ಮನೇಲಿ ಉಂಡು ಮೊದಲನೇ ಬಸ್ಸಿಗೇ ಹೊರಡೋಣ. ಸಾಯಂಕಾಲ ಕರೆಂಟು ಹೋಗೋದರೊಳಗೆ ಮನೆ ಸೇರಿದರೆ ಸ್ವಲ್ಪ ಹೊತ್ತು ಮರಿಕೆಂಚನ ಜೊತೆ ಆರಾಮಾಗಿ ಸುತ್ತಾಡಬಹುದು."