ಅರ್ಧ ಕಜ್ಜಾಯದ ಸಾಕ್ಷಿ

ನಮ್ಮ ಮನೆಯಲ್ಲಿ ಒಬ್ಬರು ನ್ಯಾಯಾಧೀಶರಿದ್ದಾರೆ. ವಯಸ್ಸು ಐದು, ಎತ್ತರ ರಾಗಿಹಿಟ್ಟಿನ ಡಬ್ಬಕ್ಕಿಂತ ಒಂದು ಗೇಣು ಜಾಸ್ತಿ. ಸುಳ್ಳು ಹೇಳಲು ಬಾರದ ವಿಚಿತ್ರ ಕಾಯಿಲೆ ಅವರಿಗೆ! ತಾವು ಹೇಳದಿದ್ದರೆ ಹೋಗಲಿ, ಬೇರೆಯವರಿಗಾದರೂ ನೆಮ್ಮದಿಯಾಗಿ ಹೇಳಲು ಬಿಡಬಾರದೆ? ಬಿಡುವುದಿಲ್ಲ. ನನ್ನ ತಮ್ಮನ ಮಗಳು. ಇಂಥ ಮಗುವಿರುವ ಮನೆಗೆ ನೆಂಟರು ಯಾವ ಧೈರ್ಯದ ಮೇಲೆ ಬರಬೇಕು ಹೇಳಿ?

ಆದರೂ ಈ ದೀಪಾವಳಿಗೆ ನಾವೆಲ್ಲ ನಮ್ಮೂರು ಉಡಿಗಾಲಕ್ಕೆ ಬಂದೆವು. ಬರಲೇಬೇಕಿತ್ತು. ಅವ್ವ ತೀರಿಕೊಂಡ ಮೇಲಿನ ಮೊದಲ ದೀಪಾವಳಿ. ಪಟಾಕಿಯಿಲ್ಲ, ತೋರಣವಿಲ್ಲ, ಹಿರಿಯರಿಗೆ ಎಡೆ ಇಡುವುದಷ್ಟೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರ ಹಾಗೆ ಕೂತಿದ್ದೆವು. ಕುಣಿದಾಡುತ್ತಿದ್ದವಳು ಅವಳೊಬ್ಬಳೇ. ಇಷ್ಟೊಂದು ಜನ, ಇಷ್ಟೊಂದು ಚೀಲ, ಇಷ್ಟೊಂದು ಸುಳ್ಳು ಒಂದೇ ಸೂರಿನಡಿ ಸಿಗುವುದು ವರ್ಷಕ್ಕೆ ಎಷ್ಟು ಸಲ?

ಮೊದಲು ಸಿಕ್ಕಿಬಿದ್ದವಳು ನಾನು. ಗುಂಡ್ಲುಪೇಟೆ ಬಸ್ಸಿಳಿದು ಬಂದು, ಬಾಗಿ ಕಾಲು ತೊಳೆಯುತ್ತಿದ್ದೆ. ಎದುರಿಗಿದ್ದ ನನ್ನ ತಲೆಯನ್ನು ಪರೀಕ್ಷಿಸಿ ಅವಳು ಕೂಗಿದಳು: "ಅತ್ತೇ, ನಿನ್ ಕೂದ್ಲು ಮ್ಯಾಲೆ ಕರ್ರಗದೆ, ಬುಡ್ದಲ್ಲಿ ಬೆಳ್ಳಗದೆ! ಬಣ್ಣ ಸಾಲ್ದೆ ಓಯ್ತಾ?" ಬೀದಿಯ ಕೊನೆಮನೆಯವರೂ ಇಣುಕಿ ನೋಡಿದರು.

ಆಮೇಲೆ ನನ್ನ ತಂಗಿಯ ಗಂಡ. ಎಡೆ ಮುಗಿಯುವವರೆಗೆ ಮನೆಯವರು ಯಾರೂ ಬಾಯಿಗೆ ಏನೂ ಹಾಕಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಮೈಸೂರಿನಿಂದ ಬೈಕಿನಲ್ಲಿ ತಡವಾಗಿ ಬಂದ ಅವರು, "ಬದನಗುಪ್ಪೆ ಹತ್ರ ಪಂಕ್ಚರ್ ಆಗ್ಬುಡ್ತು. ಬೆಳಿಗ್ಗಿಂದ ತೊಟ್ಟು ನೀರೂ ಕುಡ್ದಿಲ್ಲ" ಎಂದು ಉಸ್ಸೆಂದರು.

"ಮಾವ, ನಿನ್ ಜೇಬಿನ ಮ್ಯಾಲೆ ಚಟ್ನಿ ಅದೆ."

"ಅದು... ಗ್ರೀಸು ಕಣಮ್ಮಿ."

ಅವಳು ಹತ್ತಿರ ಹೋಗಿ ಮೂಸಿದಳು. "ಕೊತ್ತಂಬ್ರಿ ಗ್ರೀಸು!"

ಎರಡು ದಿನ ಮೊದಲೇ ಬಂದಿದ್ದ ತಂಗಿ ಗಂಡನನ್ನು ನೋಡಿದ ನೋಟಕ್ಕೆ, ಪಾಪ, ಅವರು ತಿಂದ ದೋಸೆ ಅಲ್ಲೇ ಜೀರ್ಣವಾಗಿರಬೇಕು.

ಅಡುಗೆಮನೆಯಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. ತಮ್ಮನ ಹೆಂಡತಿ ಮೊದಲ ಸಲ ಒಬ್ಬಳೇ ಕಜ್ಜಾಯ ಮಾಡಿದ್ದಳು. ಮಗಳು ಒಂದನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ತೀರ್ಪು ಕೊಟ್ಟಳು: "ಅಜ್ಜೀದು ಮೆತ್ತಗಿರ್ತಿತ್ತು. ಇದು ಕಲ್ಲು." ಅವಳಮ್ಮ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಪಾಕದ ಹದ ಅವ್ವನಿಗೆ ಗೊತ್ತಿತ್ತು. ಇದ್ದಾಗ ಕೇಳಿ ಕಲಿಯಬೇಕೆಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಅಪ್ಪ ಇದನ್ನೆಲ್ಲ ಕೇಳಿಸಿಕೊಂಡು ನಡುಮನೆಯಲ್ಲಿ ಕೂತಿದ್ದರು. ಹೋದ ದೀಪಾವಳಿಯಲ್ಲಿ, ಸಕ್ಕರೆ ಕಾಯಿಲೆಯ ಅವ್ವ ಕದ್ದು ಒಂದು ಕಜ್ಜಾಯ ಬಾಯಿಗಿಡುವಾಗ ಅಪ್ಪ ಕೈಯಿಂದ ಕಿತ್ತುಕೊಂಡಿದ್ದರು. "ತಿಂದ್ರೆ ಸತ್ತೋಯ್ತೀಯ ಕಣಮ್ಮಿ!" ಎಂದು ಗದರಿದ್ದರು. ತಿನ್ನದೆಯೂ ಅವ್ವ ನಾಲ್ಕು ತಿಂಗಳಲ್ಲಿ ಹೋದಳು. ಅಂದಿನಿಂದ ಅಪ್ಪ ಸಿಹಿ ಮುಟ್ಟಿಲ್ಲ, ಊಟವೂ ಎರಡೇ ತುತ್ತು. ಈಗ ಎಡೆಯ ಎಲೆಯ ಮೇಲೆ ನಾವು ಕಜ್ಜಾಯ ಇಡುವಾಗ, "ನಿಮ್ಮವ್ವ ಮುನ್ಸ್ಕಂಡವಳೆ. ಬರಕ್ಕಿಲ್ಲ ಬುಡಿ" ಎಂದರು.

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ನಡುಮನೆಯ ಬಾಗಿಲು ಮುಚ್ಚಿ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ವಾಡಿಕೆ. ಜಗಲಿಯ ಮೇಲೆ ನಿಂತೆವು. ಇಷ್ಟು ಹೊತ್ತು ಯಾರ ಮಾನವೂ ಹೋಗಲಿಲ್ಲವಲ್ಲ ಎಂದು ನಮಗೆ ಹೊಳೆಯಬೇಡವೇ? ಹೊಳೆಯಲಿಲ್ಲ!

ಒಳಗಿನ ಹಿರಿಯರಿಗೆ ಸುಳಿವು ಕೊಡಲು ಅಪ್ಪ ಮೂರು ಸಲ ಕೆಮ್ಮಿ ಬಾಗಿಲು ತೆಗೆದರು. ಅವ್ವನ ಫೋಟೋದೆದುರು, ಅವಳಿಗೆಂದು ಎಡೆಗಿಟ್ಟಿದ್ದ ಹೊಸ ಸೀರೆಯ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ ನಮ್ಮ ನ್ಯಾಯಾಧೀಶರು! ಕೈಯಲ್ಲಿ ಅರ್ಧ ಕಜ್ಜಾಯ. ಎಡೆ ಮುಟ್ಟಿದಳಲ್ಲ ಎಂದು ಅವಳಮ್ಮ ಹೊಡೆಯಲು ಕೈಯೆತ್ತಿದಳು. ಅಪ್ಪ ತಡೆದು, ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಏನವ್ವಾ, ನಿಮ್ಮಜ್ಜಿ ಬಂದಿದ್ಲಾ?"

ಕೇಳಿದ್ದು ಯಾರನ್ನು! ಈಗ ಇವಳು ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟರೆ ಅಪ್ಪನ ಗತಿಯೇನು?

ಅವಳು ತಾತನ ಮುಖವನ್ನು ಬಹಳ ಹೊತ್ತು ನೋಡಿದಳು.

"ಬಂದಿತ್ತು ತಾತ. ಕಜ್ಜಾಯ ಗಟ್ಟಿ ಅಂತು. ಆದ್ರೂವೆ ತಿಂತು. ಇನ್ನರ್ಧ ನಿಂಗೆ ಕೊಡು ಅಂತು."

ಅಪ್ಪ ಎರಡೂ ಕೈ ಚಾಚಿ ಆ ಚೂರನ್ನು ತೆಗೆದುಕೊಂಡರು. ಇರುವ ನಾಲ್ಕು ಹಲ್ಲಿನಲ್ಲಿ ಜಗಿಯುತ್ತ ಜಗಿಯುತ್ತ, ಮಗುವಿನಂತೆ ಅತ್ತರು. ಅವ್ವ ಹೋದ ದಿನವೂ ಅವರು ಅತ್ತಿರಲಿಲ್ಲ.

ಅವಳ ತುಟಿಯ ಸುತ್ತ ಬೆಲ್ಲ ಮೆತ್ತಿತ್ತು, ಲಂಗದ ತುಂಬ ಕಜ್ಜಾಯದ ಪುಡಿ. ನಾವೆಲ್ಲ ನೋಡಿದೆವು. ಅಪ್ಪ ಕಣ್ಣೊರೆಸಿಕೊಂಡು ತಲೆಯೆತ್ತುವಷ್ಟರಲ್ಲಿ ನನ್ನ ತಂಗಿಯ ಗಂಡ ಚಟ್ನಿಯ ಜೇಬಿನಿಂದ ಕರ್ಚೀಫು ತೆಗೆದು, ಅವಳ ಬಾಯಿ ಒರೆಸಿದರು.